ಹೆರಾಲ್ಡಿಗೆ ಕಿವಿ ಚುಚ್ಚಿದ್ದು

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಛತ್ರಿಗಳನ್ನು ಕುರಿತು ಬರೆದಿದ್ದೆ. ಅದನ್ನು ಓದಿದ ಸಂಘದ ಹಿರಿಯ ಸದಸ್ಯರೊಬ್ಬರು, "ಚೆನ್ನಾಗಿತ್ತು, ಆದರೆ ಒಮ್ಮೆಯಾದರೂ ಉಪಯೋಗಕ್ಕೆ ಬರುವಂಥದು ಏನಾದರೂ ಬರೆಯಿರಿ" ಎಂದು ಬಹಳ ಸೌಮ್ಯವಾಗಿ ಸೂಚಿಸಿದರು. ಆ ಮಾತು ಮನಸ್ಸಿಗೆ ನಾಟಿತು. ಆದ್ದರಿಂದ ಈ ಸಲ ಕನ್ನಡಿಯ ವಿಷಯ ಬರೆಯುತ್ತೇನೆ. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ಅದರ ವಿಷಯ ನನಗಿಂತ ನನ್ನಾಕೆಗೆ ಹೆಚ್ಚು ತಿಳಿದಿದೆ. ಇದು ಕಾರಿನ ಮಗ್ಗುಲಿಗೆ ಕೂಡಿಸಿ ಬೆನ್ನ ಹಿಂದೆ ನೋಡುವ ಕನ್ನಡಿ.

ಗುಮಾಸ್ತನಾದ ನಿಮಗೆ ಕಾರೆಲ್ಲಿಂದ ಬಂತು ಎಂದು ಕೇಳಬೇಡಿ. ನನ್ನದು ಸ್ಕೂಟರು. ಕಾರು ನಮ್ಮ ಮಾವನವರದು. ಅವರು ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ೧೯೭೯ರಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಎರಡನೆಯ ಕೈಯಿಂದ ಕೊಂಡರು. ೧೯೬೪ರ ಗಾಡಿ, ಎರಡೇ ಬಾಗಿಲು, ಹಾಲಿನಲ್ಲಿ ಒಂದು ಹನಿ ಕಾಫಿ ಬಿದ್ದಂಥ ಬಣ್ಣ. ಮಗಳ ಮನೆಗೆಂದು ಪುಣೆಗೆ ಬಂದಾಗ ಅತ್ತೆಯವರು ತಮ್ಮ ಒರಳುಕಲ್ಲನ್ನು ಬಿಟ್ಟು ಬಂದರು; ಮಾವನವರು ಹೆರಾಲ್ಡನ್ನು ಬಿಡಲಿಲ್ಲ. ಒಂದು ರಾಜ್ಯದ ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹಳೆಯ ಊರಿನ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ನಂಬರು ಪಡೆಯಬೇಕು. ಆ ಕಾಗದಪತ್ರಗಳ ಸೇವೆ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ಮಾಡುವುದೂ ಅದನ್ನೇ ಆದ್ದರಿಂದ ಬೇಸರವಾಗಲಿಲ್ಲ.

ಈ ಹೆರಾಲ್ಡಿನ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಬೇಕು. ಇದರ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್, ೧೯೫೯ರಲ್ಲಿ ಹೊರಬಂದದ್ದು. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ೧೯೬೧ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯವರು ಇದನ್ನು ತಯಾರಿಸಿದರು. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರೇ ಮನೆತನಗಳಿದ್ದ ಆ ಕಾಲದಲ್ಲಿ ಸ್ಪೋರ್ಟ್ಸ್ ಕಾರೆಂಬುದು ನಮ್ಮವರಿಗೆ ಸಿನಿಮಾದಲ್ಲಿ ಮಾತ್ರ ಕಾಣುವ ವಸ್ತು. ಆದರೆ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ೧೯೬೨ರಲ್ಲಿ ಟ್ರಯಂಫ್ ಕಂಪನಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿತು. ಅದರ ರೂಪವೂ ಮಿಕೆಲೊಟ್ಟಿಯದೇ. ಹೀಗಾಗಿ ನಮ್ಮ ಹೆರಾಲ್ಡು ಸ್ಪೋರ್ಟ್ಸ್ ಕಾರಿನ ಅಣ್ಣ. "ತಮ್ಮ ಕುಸ್ತಿ ಆಡತಾನ, ಅಣ್ಣ ಸಂಸಾರ ಮಾಡತಾನ" ಎಂದು ಮಾವನವರು ಹೇಳುವುದುಂಟು.

ಅಣ್ಣನಿಗೆ ಎಲ್ಲವೂ ಇತ್ತು. ಮಗ್ಗುಲಿನ ಕನ್ನಡಿ ಇರಲಿಲ್ಲ. ಆ ಕಾಲದ ಬಹುತೇಕ ಕಾರುಗಳಿಗೆ ಒಳಗೆ ನಡುವೆ ತೂಗುವ ಒಂದು ಕನ್ನಡಿಯೇ ಸರ್ವಸ್ವ. ಹಿಂದೆ ಒಂದು ಎತ್ತಿನಗಾಡಿ, ಒಂದು ಸೈಕಲ್ಲು ಇದ್ದ ರಸ್ತೆಗೆ ಅದು ಸಾಕಾಗುತ್ತಿತ್ತು. ಪುಣೆಯ ಇಂದಿನ ರಸ್ತೆಯಲ್ಲಿ ಏನಾಗುತ್ತದೆಂಬುದನ್ನು ಇಲ್ಲಿಯ ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ. ದ್ವಿಚಕ್ರಿಗಳು ಬಲಗಡೆಯಿಂದ ಬರುತ್ತವೆ, ಎಡಗಡೆಯಿಂದ ಬರುತ್ತವೆ. ಭೂಮಿಯೊಳಗಿಂದ ಬರುವುದೊಂದು ಬಾಕಿ.

ಕಳೆದ ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ಮಾವನವರು ಗಾಡಿ ನಡೆಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಕರ್ವೆ ರಸ್ತೆಯಿಂದ ಎಡಕ್ಕೆ ಒಂದು ಓಣಿಗೆ ಹೊರಳಬೇಕಾಗಿತ್ತು. ಅವರು ಕೈದೀಪ ಹಾಕಿದರು, ಒಳಗನ್ನಡಿ ನೋಡಿದರು, ಹೊರಳಿಸಿದರು. ಆ ಕ್ಷಣದಲ್ಲಿ ನನ್ನ ಕಿಟಕಿಯ ಮಗ್ಗುಲಿಗೇ ಒಂದು ಸ್ಕೂಟರು. ನಡೆಸುತ್ತಿದ್ದವಳು ಒಬ್ಬ ತಾಯಿ, ಹಿಂದೆ ಶಾಲೆಯ ಸಮವಸ್ತ್ರದ ಹುಡುಗಿ. ನಾನು ಕೂಗಿದೆ, ಮಾವನವರು ಬ್ರೇಕು ಒತ್ತಿದರು, ಸ್ಕೂಟರು ಓಲಾಡಿ ನಿಂತಿತು. ಹುಡುಗಿಯ ನೀರಿನ ಬಾಟಲಿ ಉರುಳಿ ನಮ್ಮ ಮುಂದಿನ ಗಾಲಿಯ ಹತ್ತಿರ ಬಿತ್ತು. ಅಷ್ಟೇ. ಯಾರಿಗೂ ಗಾಯವಾಗಲಿಲ್ಲ. ನಾನು ಇಳಿದು ಬಾಟಲಿ ಎತ್ತಿಕೊಟ್ಟೆ. ಆ ತಾಯಿ ಬೈದಿದ್ದರೆ ಚೆನ್ನಾಗಿತ್ತು. ಆಕೆ ಬೈಯಲಿಲ್ಲ, ಮಗಳ ಕೈ ಹಿಡಿದುಕೊಂಡು ನಿಂತಿದ್ದಳು.

"ಎಲ್ಲಿಂದ ಬಂದ್ರಿ ಅವ್ರು?" ಎಂದು ಮಾವನವರು ಮನೆ ಮುಟ್ಟುವವರೆಗೆ ಮೂರು ಸಲ ಕೇಳಿದರು. ನಾನು ಉತ್ತರ ಹೇಳಲಿಲ್ಲ. ಅವರು ಎಲ್ಲಿಂದಲೂ ಬಂದಿರಲಿಲ್ಲ. ಮೊದಲಿನಿಂದಲೂ ಅಲ್ಲಿಯೇ ಇದ್ದರು.

ಆ ರಾತ್ರಿ ಕನ್ನಡಿಯ ಮಾತು ತೆಗೆದೆ. ಮಾವನವರು ಕನ್ನಡಿಗೆ ವಿರೋಧಿಗಳಲ್ಲ, ತೂತಿಗೆ ವಿರೋಧಿಗಳು. "ಅರವತ್ತು ವರ್ಷದಿಂದ ಅದರ ಮೈಗೆ ಯಾರೂ ಒಂದು ತೂತು ಹಾಕಿಲ್ಲ. ಈಗ ನೀವು ಕೊರೀತೀರೇನ್ರಿ?" ಎಂದರು. ಅತ್ತೆಯವರು ಒಳಗಿನಿಂದ, "ಕಿವಿ ಚುಚ್ಚೋದು ಅಂತ ತಿಳಕೋರಿ. ಹುಡುಗರಿಗೆ ಚುಚ್ಚಸೂದಿಲ್ಲೇನು?" ಎಂದರು. ಆ ಮಾತು ಆಗ ನಡೆಯಲಿಲ್ಲ.

ತೂತು ಬೇಡವೆಂದ ಮೇಲೆ ಉಳಿದದ್ದು ಕಚ್ಚುವ ಕನ್ನಡಿ. ಅಂದರೆ ಬಾಗಿಲಿನ ಅಂಚನ್ನು ಚಿಮಟದಂತೆ ಹಿಡಿದುಕೊಳ್ಳುವಂಥದು. ನಾನಾ ಪೇಠೆಯ ಬಿಡಿಭಾಗಗಳ ಸಾಲಿನಲ್ಲಿ ಒಂದು ಅಂಗಡಿಯಿಂದ ಜೋಡಿಯನ್ನು ಕೊಂಡು ತಂದೆ. ಊರೊಳಗೆ ಒಂದು ವಾರ ಸರಿಯಾಗಿತ್ತು. ಮುಂದಿನ ರವಿವಾರ ಕಾತ್ರಜ ಘಾಟು ಏರುವಾಗ ಎಂಜಿನ್ನಿನ ನಡುಕಕ್ಕೆ ಕನ್ನಡಿಯೊಳಗಿನ ಲಾರಿ ಮೂರಾಗಿ ಕಾಣಿಸಿತು. ಇಳಿಯುವಾಗ ಎರಡೂ ಕನ್ನಡಿಗಳು ತಪ್ಪು ಮಾಡಿದ ಮಕ್ಕಳಂತೆ ಮುಖ ಕೆಳಗೆ ಹಾಕಿದವು. ಮನೆಗೆ ಬಂದು ಬಿಚ್ಚಿ ನೋಡಿದರೆ, ಹಿಡಿಕೆಯ ಹಲ್ಲು ಬಾಗಿಲಿನ ಅಂಚಿನ ಬಣ್ಣವನ್ನು ಕಬ್ಬಿಣ ಕಾಣುವ ತನಕ ತಿಂದಿತ್ತು. ತೂತು ಬೇಡವೆಂದದ್ದಕ್ಕೆ ಗಾಯವೇ ಸಿಕ್ಕಿತು. ಮಾವನವರು ಬೆರಳಿನಿಂದ ಆ ಜಾಗವನ್ನು ಸವರಿ ಸುಮ್ಮನಾದರು.

ಇಷ್ಟಾದ ಮೇಲೆ ನಾನು ವಿಷಯವನ್ನು ಸ್ವಲ್ಪ ಅಭ್ಯಾಸ ಮಾಡಿದೆ. ಅದರಲ್ಲಿ ಒಂದೆರಡು ಸಂಗತಿಗಳು ಮನೆಯಲ್ಲಿ ಬಹಳ ಜನಪ್ರಿಯವಾದವು. ೧೯೦೯ರಲ್ಲಿ ಡೊರೊಥಿ ಲೆವಿಟ್ ಎಂಬ ಆಂಗ್ಲ ಮಹಿಳೆ ಹೆಂಗಸರಿಗಾಗಿ ಕಾರು ನಡೆಸುವ ಪುಸ್ತಕವೊಂದನ್ನು ಬರೆದು, ಒಂದು ಕೈಗನ್ನಡಿ ಜೊತೆಯಲ್ಲಿಟ್ಟುಕೊಳ್ಳಿರಿ, ಆಗಾಗ ಎತ್ತಿ ಹಿಂದಿನ ರಸ್ತೆಯನ್ನು ನೋಡಿರಿ ಎಂದು ಸಲಹೆ ಕೊಟ್ಟಿದ್ದಳು. ಎರಡು ವರ್ಷದ ಮೇಲೆ, ೧೯೧೧ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸಿನ ಮೊದಲ ಐನೂರು ಮೈಲಿ ಪಂದ್ಯಕ್ಕೆ ರೇ ಹ್ಯಾರೂನ್ ಎಂಬವನು ತನ್ನ ಕಾರಿಗೆ ಕನ್ನಡಿ ಕಟ್ಟಿಕೊಂಡು ಬಂದ. ಉಳಿದವರ ಕಾರುಗಳಲ್ಲಿ ಹಿಂದೆ ನೋಡಿ ಹೇಳಲು ಒಬ್ಬ ಮೆಕ್ಯಾನಿಕ್ ಕೂತಿರುತ್ತಿದ್ದ, ಇವನು ಒಂಟಿ. ಪಂದ್ಯವನ್ನು ಗೆದ್ದವನೂ ಅವನೇ. "ಅಂದರೆ ಮೊದಲು ಹೊಳೆದದ್ದು ಹೆಂಗಸಿಗೆ, ಹೆಸರು ಬಂದದ್ದು ಗಂಡಸಿಗೆ" ಎಂದು ನನ್ನಾಕೆ ತೀರ್ಪು ಕೊಟ್ಟಳು. ನಾನು ಅಪೀಲು ಹಾಕಲಿಲ್ಲ.

ಇನ್ನು ಉಪಯೋಗದ ಮಾತು. ಹಳೆಯ ಕಾರಿಗೆ ಕನ್ನಡಿ ಆರಿಸುವಾಗ ಮೊದಲ ಪ್ರಶ್ನೆ, ಎಲ್ಲಿ? ಎರಡು ಜಾಗಗಳುಂಟು. ಒಂದು, ಮುಂದಿನ ಗಾಲಿಯ ಮೇಲಿನ ಮಡ್‌ಗಾರ್ಡು, ಇನ್ನೊಂದು, ಬಾಗಿಲು. ಅರವತ್ತರ ದಶಕದ ಬ್ರಿಟನ್ನಿನಲ್ಲಿ ಮಡ್‌ಗಾರ್ಡಿನ ಮೇಲೆ ಉದ್ದ ಕಾಂಡದ ಕನ್ನಡಿ ರೂಢಿಯಲ್ಲಿತ್ತು. ಜಪಾನಿನಲ್ಲಂತೂ ೧೯೮೩ರವರೆಗೆ ಬಾಗಿಲಿನ ಕನ್ನಡಿಗೆ ಅನುಮತಿಯೇ ಇರಲಿಲ್ಲ. ಅಲ್ಲಿಟ್ಟರೆ ಲಾಭವೆಂದರೆ, ಕುತ್ತಿಗೆ ಹೊರಳಿಸದೆ ಎರಡೂ ಕಣ್ಣಿಗೆ ಬೀಳುತ್ತವೆ. ನಷ್ಟವೆಂದರೆ, ಕನ್ನಡಿ ಕಣ್ಣಿನಿಂದ ದೂರವಾದಷ್ಟೂ ಅದರಲ್ಲಿ ಕಾಣುವ ಹರವು ಕಡಿಮೆ, ಬಿಂಬವೂ ಸಣ್ಣದು. ಸ್ವಲ್ಪ ಅಲುಗಿದರೆ ಇಳಿದು ಹೋಗಿ ತಿದ್ದಬೇಕು. ಹೆರಾಲ್ಡಿನಲ್ಲಿ ಇನ್ನೊಂದು ತೊಡಕು: ಅದರ ಬಾನೆಟ್ಟೂ ಎರಡು ಮಡ್‌ಗಾರ್ಡುಗಳೂ ಒಂದೇ ತುಂಡು, ಇಡೀ ಮೂತಿಯೇ ಮೊಸಳೆಯ ಬಾಯಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಮಾವನವರು ದಿನಾ ಬೆಳಿಗ್ಗೆ ಅದನ್ನು ತೆರೆದು, ಮುಂದಿನ ಟೈರಿನ ಮೇಲೆ ಕೂತು, ಎಂಜಿನ್ನಿನ ಯೋಗಕ್ಷೇಮ ವಿಚಾರಿಸುತ್ತಾರೆ. ಕನ್ನಡಿ ಅಲ್ಲಿದ್ದರೆ ಪ್ರತಿ ಸಲವೂ ಆಕಾಶ ನೋಡಿ ಬರಬೇಕು, ಜಾಗ ತಪ್ಪಬೇಕು. ಆದ್ದರಿಂದ ಬಾಗಿಲೇ ಗಟ್ಟಿಯಾಯಿತು.

ಎರಡನೆಯ ಪ್ರಶ್ನೆ, ಎಂಥ ಗಾಜು? ಸಪಾಟು ಗಾಜು ಸತ್ಯ ಹೇಳುತ್ತದೆ, ಆದರೆ ಸ್ವಲ್ಪವೇ ಹೇಳುತ್ತದೆ. ಉಬ್ಬು ಗಾಜು ಬಹಳ ಹೇಳುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿ, ದೂರವಿದ್ದಂತೆ ತೋರಿಸುತ್ತದೆ. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂಡುವುದರಿಂದ ಬಲಗನ್ನಡಿ ಕಣ್ಣಿಗೆ ಹತ್ತಿರ. ಅಲ್ಲಿ ಸಪಾಟು ಗಾಜು ನಡೆಯುತ್ತದೆ. ಎಡಗನ್ನಡಿ ಕಾರಿನ ಅಗಲದಷ್ಟು ಆಚೆ. ಅಲ್ಲಿ ಸಪಾಟಿಟ್ಟರೆ ಒಂದು ಪಟ್ಟಿಯಷ್ಟು ರಸ್ತೆ ಮಾತ್ರ ಕಂಡೀತು. ಸ್ಕೂಟರುಗಳು ನುಸುಳುವುದೂ ಆ ಕಡೆಯಿಂದಲೇ. ಆದ್ದರಿಂದ ಎಡಕ್ಕೆ ಉಬ್ಬು ಗಾಜೇ ಬೇಕು. ಅದರಲ್ಲಿ ಸ್ಕೂಟರು ದೂರದಲ್ಲಿದೆಯೆಂದು ಕಂಡರೆ ನಂಬಬಾರದು. ಒಳಗನ್ನಡಿಯಲ್ಲಿ ಅದೇ ಸ್ಕೂಟರನ್ನು ನೋಡಿ ತಾಳೆ ಹಾಕಬೇಕು. ಅಂಗಡಿಯವನು "ಉಬ್ಬೇ ಸಾಹೇಬ್" ಎಂದರೆ ಗಾಜಿನ ಮೇಲೆ ಒಂದು ಅಳತೆಪಟ್ಟಿ ನಿಲ್ಲಿಸಿ ನೋಡಿರಿ. ಎರಡು ತುದಿಗಳ ಕೆಳಗೆ ಬೆಳಕು ಕಂಡರೆ ಅವನು ಸತ್ಯವಂತ.

ಮೂರನೆಯದು, ಲೋಹ. ಹಳೆಯ ಕಾರಿಗೆ ಕರಿಯ ಪ್ಲಾಸ್ಟಿಕ್ ಕನ್ನಡಿ ಹಾಕಿದರೆ ಇಳಕಲ್ ಸೀರೆಯ ಮೇಲೆ ರೇನ್‌ಕೋಟು ಹಾಕಿದಂತೆ. ದುಂಡನೆಯ ನಾಲ್ಕಂಗುಲದ ಹೊಳೆಯುವ ಕನ್ನಡಿ ಸಾಕು. ಒಂದು ಪುಟ್ಟ ಅಯಸ್ಕಾಂತ ಕಿಸೆಯಲ್ಲಿರಲಿ. ಗಟ್ಟಿಯಾಗಿ ಅಂಟಿಕೊಂಡರೆ ಸಾಮಾನ್ಯವಾಗಿ ಒಳಗೆ ಕಬ್ಬಿಣ, ಮೇಲೆ ಮುಲಾಮು. ಪುಣೆಯ ಎರಡು ಮಳೆಗಾಲಕ್ಕೆ ಬಣ್ಣ ಬದಲಾಗುತ್ತದೆ. ನಾನು ಬುಧವಾರ ರಜೆ ಹಾಕಿ ಜೂನಾ ಬಾಜಾರಿಗೆ ಹೋಗಿ, ರವಿವಾರ ಮತ್ತೆ ಹೋಗಿ, ರಾಶಿ ಕೆದಕಿ, ಕಡೆಗೆ ಹಿತ್ತಾಳೆಯ ಮೇಲೆ ಕ್ರೋಮಿಯಂ ಲೇಪಿಸಿದ ಒಂದು ಜೋಡಿ ಹಿಡಿದೆ. ಎಡದ ಪಾದ ಬೇರೆ, ಬಲದ ಪಾದ ಬೇರೆ ಇರುತ್ತದೆಂಬುದನ್ನು ಚಪ್ಪಲಿ ಕೊಳ್ಳುವಾಗಿನಂತೆ ನೋಡಿಕೊಳ್ಳಬೇಕು. ಎಡಗಡೆಯ ಗಾಜನ್ನು ಮಾತ್ರ ಬದಲಾಯಿಸಿ ಉಬ್ಬು ಗಾಜು ಕತ್ತರಿಸಿ ಕೂಡಿಸಿಕೊಂಡೆ.

ಕನ್ನಡಿ ಬಂತು, ಅಪ್ಪಣೆ ಬರಲಿಲ್ಲ. ಮೇಜಿನ ಮೇಲೆ ಕಾಗದ ಸುತ್ತಿಕೊಂಡು ಎರಡು ವಾರ ಕೂತಿತ್ತು.

ಒಂದು ರವಿವಾರ ಬೆಳಿಗ್ಗೆ ನನ್ನಾಕೆ ಒಂದು ಉಪಾಯ ಮಾಡಿದಳು. "ಅಪ್ಪಾ, ತೂತು ಹಾಕೂದು ಬ್ಯಾಡ. ಬರೇ ಒಂದು ಲೆಕ್ಕ ಮಾಡೂಣು" ಎಂದಳು. ಲೆಕ್ಕವೆಂದರೆ ಮಾವನವರು ಒಲ್ಲೆನೆನ್ನುವವರಲ್ಲ. ಅವರನ್ನು ಚಾಲಕನ ಜಾಗದಲ್ಲಿ ಕೂಡಿಸಿದೆವು. ನಾಲ್ಕನೆಯ ಇಯತ್ತೆಯ ನಮ್ಮ ಮಗಳು ಕೆಂಪು ಛತ್ರಿ ಹಿಡಿದು ಮೂವತ್ತು ಅಡಿ ಹಿಂದಿನಿಂದ, ಕಾರಿನ ಎಡ ಮಗ್ಗುಲಿಗೆ ಒಂದು ಮಾರು ದೂರದಲ್ಲಿ, ಎಣಿಸುತ್ತ ನಡೆದು ಬರಬೇಕು. ಕಂಡಷ್ಟು ಹೊತ್ತು ಅಜ್ಜ "ಕಾಣತಾಳ" ಎನ್ನಬೇಕು. ಮೊದಲು ಒಳಗನ್ನಡಿಯಲ್ಲಿ ಕಂಡಳು. ಹಿಂದಿನ ಬಂಪರಿನ ಹತ್ತಿರ ಬಂದಾಗ ಅಜ್ಜ ಸುಮ್ಮನಾದರು. ಮತ್ತೆ "ಕಾಣತಾಳ" ಎಂದದ್ದು ಅವಳು ಎಡ ಬಾಗಿಲಿನ ಗಾಜಿನ ಮುಂದೆ ಬಂದು ನಿಂತಾಗ. ನಡುವೆ ಆರು ಹೆಜ್ಜೆ.

"ಅಪ್ಪಾ, ಹಿಂದಿನ ಕಿಟಕ್ಯಾಗ ಹೊರಳಿ ನೋಡಿದ್ರ ಕಾಣಸತಾಳಲ್ಲ?" ಎಂದಳು ನನ್ನಾಕೆ. ಅವರು ಹೊರಳಿದರು. ಕುತ್ತಿಗೆ ಹೊರಳಲಿಲ್ಲ, ಭುಜ, ಬೆನ್ನು, ಸೊಂಟ ಎಲ್ಲ ಒಟ್ಟಾಗಿ ಹೊರಳಿದವು, ಅದೂ ಅರ್ಧಕ್ಕೆ ನಿಂತವು. ಆಗ ನಮಗಿಬ್ಬರಿಗೂ ತಿಳಿಯಿತು. ವರ್ಷದಿಂದ ಅವರು ಕರೆದರೆ ಇಡೀ ದೇಹ ತಿರುಗಿಸಿ ನೋಡುತ್ತಿದ್ದರು. ವಯಸ್ಸಿನ ಗಾಂಭೀರ್ಯವೆಂದು ನಾವು ತಿಳಿದಿದ್ದೆವು. ನನ್ನಾಕೆ ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡಳು.

ಮಾವನವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. "ಆರು ಹೆಜ್ಜಿ" ಎಂದರು. "ಆ ಹುಡುಗಿ ಅವತ್ತು ಈ ಆರು ಹೆಜ್ಜಿಯೊಳಗಽ ಇದ್ಲು." ಆ ಮೇಲೆ ನನ್ನ ಕಡೆ ನೋಡದೆ, "ಎಲ್ಲಿ ಕೊರೀತೀರಿ, ಗುರುತು ಹಾಕ್ರಿ" ಎಂದರು.

ಗುರುತು ಹಾಕುವುದೇ ಈ ಕೆಲಸದ ಮುಕ್ಕಾಲು ಪಾಲು. ಚಾಲಕ ತನ್ನ ಎಂದಿನ ಭಂಗಿಯಲ್ಲಿ ಕೂಡಬೇಕು. ಹೊರಗೆ ಇನ್ನೊಬ್ಬರು ಕನ್ನಡಿಯನ್ನು ಕೈಯಲ್ಲಿ ಹಿಡಿದು ಬಾಗಿಲಿನ ಮೇಲೆ ಅಂಗುಲ ಅಂಗುಲವಾಗಿ ಸರಿಸಬೇಕು. ಹೆರಾಲ್ಡಿನ ಬಾಗಿಲಿನ ಗಾಜಿಗೆ ಮುಂದೊಂದು ತ್ರಿಕೋನದ ಪುಟ್ಟ ಗಾಜಿದೆ, ಅದಕ್ಕೊಂದು ಕಂಬಿ. ಕನ್ನಡಿ ಆ ಕಂಬಿಯ ಹಿಂದೆ ಮರೆಯಾಗಬಾರದು. ಬಹಳ ಹಿಂದಕ್ಕೆ ಬಂದರೆ ಕುತ್ತಿಗೆ ಹೊರಳಿಸಬೇಕು, ಆಗ ನಮ್ಮ ಉದ್ದೇಶವೇ ಕೆಟ್ಟಿತು. ತ್ರಿಕೋನ ಗಾಜಿನ ಮೂಲಕ ಕಾಣುವಂತೆ, ಅದರ ಕೆಳಗೆ, ಮುಂಭಾಗದಲ್ಲಿ ಜಾಗ ಸಿಕ್ಕಿತು. ಇದಕ್ಕೆ ಇನ್ನೊಂದು ಲಾಭ: ಏರಿಳಿಯುವ ದೊಡ್ಡ ಗಾಜು ಅಲ್ಲಿ ಹಾಯುವುದಿಲ್ಲ. ಆದರೂ ಒಳಗಿನ ಹಲಗೆ ಬಿಚ್ಚಿ, ಟಾರ್ಚು ಬಿಟ್ಟು, ಹಿಂದೆ ಏನಿದೆಯೆಂದು ನೋಡದೆ ಕೊರೆಯಬಾರದು. ಬಾಗಿಲು ಪೂರ್ತಿ ತೆರೆದಾಗ ಕನ್ನಡಿ ಎಲ್ಲಿಯೂ ಬಡಿಯಬಾರದು. ಮನೆಯಲ್ಲಿ ಇಬ್ಬರು ಗಾಡಿ ನಡೆಸುವವರಿದ್ದರೆ ಇಬ್ಬರೂ ಕೂತು ನೋಡಬೇಕು. ನನ್ನಾಕೆಯೂ ಕೂತು ನೋಡಿದಳು. ಅದರ ಮಹತ್ವ ಮುಂದೆ ಬರುತ್ತದೆ.

ಕೊರೆಯಲು ನಮ್ಮ ಓಣಿಯ ಮಿಸ್ತ್ರಿಯನ್ನು ಕರೆದೆವು. ಜಾಗಕ್ಕೆ ಕಾಗದದ ಟೇಪು ಅಂಟಿಸಿ ಅದರ ಮೇಲೆ ಪೆನ್ಸಿಲಿನ ಗುರುತು. ಉಳಿಯ ಮೊನೆಯಿಂದ ಒಂದು ಕುಳಿ, ಡ್ರಿಲ್ಲು ಜಾರದಿರಲೆಂದು. ಮೊದಲು ಮೂರು ಮಿಲಿಮೀಟರಿನ ಸಣ್ಣ ತೂತು, ಆ ಮೇಲೆ ಬೋಲ್ಟಿನ ಅಳತೆಗೆ ದೊಡ್ಡದು. ತಗಡು ಸುಮಾರು ಒಂದು ಮಿಲಿಮೀಟರು. ಡ್ರಿಲ್ಲು ಒಮ್ಮೆಲೇ ಒಳಗೆ ನುಗ್ಗದಂತೆ ಅದರ ತುದಿಗೆ ಟೇಪಿನ ದಪ್ಪ ಉಂಗುರ ಸುತ್ತಿದೆವು. ಅಂಚಿನ ಚೂಪನ್ನು ಉಜ್ಜಿ, ಬರಿಗಬ್ಬಿಣಕ್ಕೆ ತುಕ್ಕು ತಡೆಯುವ ಬಣ್ಣ ಹಚ್ಚಿ, ಒಣಗಲು ಬಿಟ್ಟೆವು. ಮಿಸ್ತ್ರಿ ತಗಡಿಗೇ ಕಚ್ಚುವ ಸ್ಕ್ರೂ ಹಾಕಿ ಮುಗಿಸುವ ಅವಸರದಲ್ಲಿದ್ದ. ನಾನು ಒಪ್ಪಲಿಲ್ಲ. ಒಳಗಡೆ ಒಂದು ಪುಟ್ಟ ತಗಡಿನ ಪಟ್ಟಿ ಆಧಾರಕ್ಕಿಟ್ಟು, ತುಕ್ಕು ಹಿಡಿಯದ ಬೋಲ್ಟು ನಟ್ಟು ಹಾಕಿದರೆ ಮಾತ್ರ ಕನ್ನಡಿ ನಡುಗುವುದಿಲ್ಲ. ಕನ್ನಡಿಯ ಪಾದದ ಕೆಳಗೆ ರಬ್ಬರಿನ ಹಾಳೆ ಇರಬೇಕು. ಇಲ್ಲವಾದರೆ ಮಳೆಯ ನೀರು ತೂತಿನೊಳಗೆ ಇಳಿಯುತ್ತದೆ. ಡ್ರಿಲ್ಲಿನ ಸದ್ದು ಎದ್ದಾಗ ಮಾವನವರು ಒಳಗೆ ಹೋಗಿ ರೇಡಿಯೋ ಹಚ್ಚಿದರು. ಅತ್ತೆಯವರು ಮಾತ್ರ, ಮೊಮ್ಮಗಳ ಕಿವಿ ಚುಚ್ಚುವಾಗ ಪತ್ತಾರನ ಮುಂದೆ ನಿಂತಂತೆ, ಕಡೆತನಕ ನಿಂತಿದ್ದರು.

ಕೂಡಿಸಿದ ಮೇಲೆ ಹೊಂದಿಸುವ ರೀತಿ ಇದು: ಕನ್ನಡಿಯ ಒಳ ಅಂಚಿನಲ್ಲಿ ನಮ್ಮ ಕಾರಿನ ಮೈ ಒಂದು ಎಳೆಯಷ್ಟು ಮಾತ್ರ ಕಾಣಲಿ, ದಿಗಂತ ನಡುವೆ ಇರಲಿ. ತಮ್ಮ ಕಾರನ್ನೇ ಅರ್ಧ ಕನ್ನಡಿ ತುಂಬ ನೋಡುತ್ತ ಹೋಗುವವರು ಪುಣೆಯಲ್ಲಿ ಬಹಳ. ಕಾರು ಸುಂದರವಾಗಿದ್ದರೂ ಡಿಕ್ಕಿ ಹೊಡೆಯುವುದು ಅದಲ್ಲ.

ಮತ್ತೆ ಕೆಂಪು ಛತ್ರಿ ನಡೆದು ಬಂತು. ಅಜ್ಜ ಬಿಡದೆ "ಕಾಣತಾಳ, ಕಾಣತಾಳ" ಎಂದರು. ಬಾಗಿಲಿನ ಹಿಂದೆ ಒಂದು ಹೆಜ್ಜೆ ಮಾತ್ರ ಸುಮ್ಮನಾದರು. ಆರು ಹೋಗಿ ಒಂದಾಯಿತು, ಸೊನ್ನೆಯಾಗಲಿಲ್ಲ. ಇದನ್ನು ವಾಚಕರು ಮರೆಯಬಾರದು. ವೇತಾಳ ಟೇಕಡಿಯ ಮೇಲೆ ನಾವೆಲ್ಲ ಬೆಳಿಗ್ಗೆ ತಿರುಗಾಡಲು ಹೋಗುತ್ತೇವಲ್ಲ, ಅಲ್ಲಿ ೧೯೬೬ರಲ್ಲಿ ಸ್ಥಾಪನೆಯಾದ ಎಆರ್‌ಎಐ ಸಂಸ್ಥೆಯಲ್ಲಿ ಇಡೀ ದೇಶದ ವಾಹನಗಳ ಪರೀಕ್ಷೆ ನಡೆಯುತ್ತದೆ. ಅಂಥ ಪರೀಕ್ಷೆಯೆಲ್ಲ ಮುಗಿಸಿ ಬಂದ ಹೊಸ ಕಾರಿಗೂ ಕಾಣದ ಮೂಲೆ ಇದ್ದೇ ಇರುತ್ತದೆ. ಆ ಒಂದು ಹೆಜ್ಜೆಯನ್ನು ಕುತ್ತಿಗೆಯೇ ತುಂಬಬೇಕು.

ಮಾವನವರು ಈ ಶೇಷವನ್ನು ನಮಗಿಂತ ಮೊದಲೇ ಲೆಕ್ಕ ಹಾಕಿದ್ದರು. ಇಳಿದವರೇ ಕೀಲಿಯನ್ನು ನನ್ನ ಕೈಗಲ್ಲ, ಮಗಳ ಕೈಗೆ ಕೊಟ್ಟು, "ಗದ್ದಲದ ಹೊತ್ತಿನಾಗ ನೀ ನಡಸು. ಮುಂಜಾನೆ ಆರಕ್ಕ ರಸ್ತೆ ಖಾಲಿ ಇರತದ, ಅವಾಗ ನಾ ನಡಸ್ತೀನಿ" ಎಂದರು. ಮರುದಿನ ತಾವಾಗಿಯೇ ಕುತ್ತಿಗೆಯನ್ನು ವೈದ್ಯರಿಗೆ ತೋರಿಸಿ ಬಂದರು. ಈಗ ದಿನಾ ಬೆಳಿಗ್ಗೆ ಹೆರಾಲ್ಡಿನ ಬಾನೆಟ್ಟು ಎತ್ತುವ ಮೊದಲು, ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ, ವೈದ್ಯರು ಹೇಳಿಕೊಟ್ಟಂತೆ ಕುತ್ತಿಗೆ ಹೊರಳಿಸುತ್ತಾರೆ.

ನಮ್ಮ ಸಂಘದಲ್ಲಿ ಹಳೆಯ ಫಿಯೆಟ್ಟು, ಪದ್ಮಿನಿ, ಚೇತಕ್ ಇಟ್ಟುಕೊಂಡವರು ಹಲವರಿದ್ದಾರೆ. ಊರು ಬಿಟ್ಟು ಬರುವಾಗ ಮನೆ, ಹೊಲ ತರಲಾಗದವರು ಅಪ್ಪನ ಗಾಡಿಯನ್ನಾದರೂ ತಂದಿರುತ್ತೇವೆ. ಅದರ ಮೈಗೆ ತೂತು ಬೀಳಬಾರದೆಂಬ ಸಂಕಟ ನನಗೆ ಅರ್ಥವಾಗುತ್ತದೆ. ಐವತ್ತು ವರ್ಷ ಮೀರಿದ ಗಾಡಿಗಳಿಗೆ ೨೦೨೧ರ ನಿಯಮದಂತೆ ವಿಂಟೇಜ್ ನೋಂದಣಿಯ ಅನುಕೂಲವಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಯ ಮೇಲೆ ಓಡಿಸುವಂತಿಲ್ಲ. ಸಂತೆಗೂ ಶಾಲೆಗೂ ಓಡಿಸುವ ಗಾಡಿಗೆ ಕಣ್ಣಿರಲೇಬೇಕು. ನಿಮ್ಮ ಗಾಡಿಯ ಹೆಜ್ಜೆ ಎಷ್ಟೆಂದು ಮೊದಲು ಎಣಿಸಿರಿ. ಖರ್ಚು ಏನೂ ಇಲ್ಲ, ಒಂದು ಮಗು, ಒಂದು ಛತ್ರಿ ಸಾಕು.

ಖಂಡೇನವಮಿಯ ದಿನ ಅತ್ತೆಯವರು ಹೆರಾಲ್ಡಿಗೆ ಪೂಜೆ ಮಾಡಿ, ಚೆಂಡುಹೂವಿನ ಮಾಲೆ ಹಾಕಿ, ಹೊಸ ಕನ್ನಡಿಗಳ ನಟ್ಟನಡುವೆ ಕುಂಕುಮ ಹಚ್ಚಿದರು. ಮಾವನವರು ಆರತಿ ಮುಗಿಯುವವರೆಗೆ ಕಾದು, ಧೋತರದ ತುದಿಯಿಂದ ಗಾಜಿನ ಕುಂಕುಮವನ್ನು ಒರೆಸಿ, ಅದನ್ನೇ ಕನ್ನಡಿಯ ಪಾದಕ್ಕೆ, ಬೋಲ್ಟಿನ ಹತ್ತಿರ, ಹಚ್ಚಿದರು.